ಹೊತ್ತದ ದೀಪ

ಕಳೆದ ತಿಂಗಳು ನನ್ನ ತಂಗಿಯ ಮಗ ಮೋಟಾರ್ ಸೈಕಲ್ ಕೊಳ್ಳಲು ಹೊರಟ. ಹೊಸದಲ್ಲ, ಎರಡು ವರ್ಷ ಕೂಡಿಟ್ಟ ಹಣಕ್ಕೆ ಹಳೆಯದೇ ಗತಿ. ಬೆಲೆ ಮಾತನಾಡಲು ಹಿರಿಯರೊಬ್ಬರಿರಲೆಂದು ನನ್ನನ್ನೂ ಕರೆದೊಯ್ದ. ಯಂತ್ರಗಳ ವಿಷಯದಲ್ಲಿ ನನ್ನ ಪಾಂಡಿತ್ಯ ಸೈಕಲ್ಲಿಗೆ ಗಾಳಿ ಹೊಡೆಯುವಲ್ಲಿಗೆ ಮುಗಿಯುತ್ತದೆಂಬುದು ಪಾಪ, ಅವನಿಗೆ ತಿಳಿಯದು.

ಮೊದಲು ನೋಡಿದ ಗಾಡಿಯ ಕೀಲಿ ತಿರುಗಿಸಿದೊಡನೆ ಮೀಟರಿನಲ್ಲಿ ಎಂಜಿನಿನ ಚಿತ್ರವಿರುವ ಹಳದಿ ದೀಪ ಹೊತ್ತಿಕೊಂಡಿತು. ಎಚ್ಚರಿಕೆಯ ದೀಪ! ಶುಭಕಾರ್ಯಕ್ಕೆ ಹೊರಟವರಿಗೆ ಬೆಕ್ಕು ಅಡ್ಡ ಬಂದಂತಾಯಿತು. ಎಂಜಿನನ್ನು ಚಾಲೂ ಮಾಡಿ ನೋಡುವ ಗೋಜಿಗೂ ಹೋಗದೆ ಹಿಂದಿರುಗಿದೆವು. ಎರಡನೆಯ ಗಾಡಿಯಲ್ಲಾದರೋ ಆ ದೀಪ ಹೊತ್ತಲೇ ಇಲ್ಲ. "ಇದು ಆರೋಗ್ಯವಾಗಿದೆ, ಮಾವ" ಎಂದ ಹುಡುಗ. ನಾನೂ ತಲೆದೂಗಿದೆ. ಮುಂಗಡ ಕೊಡುವ ಮುನ್ನ ಪರಿಚಯದ ಮೇಸ್ತ್ರಿಗೆ ತೋರಿಸೋಣವೆಂದದ್ದೊಂದೇ ಆ ದಿನ ನಾನು ಮಾಡಿದ ಜಾಣತನ.

ಮೇಸ್ತ್ರಿ ಕೀಲಿ ತಿರುಗಿಸಿ ನಕ್ಕರು. "ಸ್ವಾಮಿ, ಹೊತ್ತಬೇಕಾದ ದೀಪವೇ ಹೊತ್ತುತ್ತಿಲ್ಲವಲ್ಲ!"

ಅವರು ತಿಳಿಸಿದ ಸಂಗತಿ ಹೀಗಿದೆ. ಹಿಂದಿನ ಗಾಡಿಗಳಲ್ಲಿ ಪೆಟ್ರೋಲು ಗಾಳಿಗಳನ್ನು ಬೆರೆಸುವುದು ಕಾರ್ಬ್ಯುರೇಟರಿನ ಕೆಲಸವಾಗಿತ್ತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6ರ ನಿಯಮ ಜಾರಿಗೆ ಬಂದ ಮೇಲೆ, ಇಲ್ಲಿನ ಹೊಸ ಗಾಡಿಗಳಲ್ಲಿ ಬಹುಮಟ್ಟಿಗೆ ಇಂಜೆಕ್ಟರು ಪೆಟ್ರೋಲನ್ನು ಅಳೆದು ಚಿಮ್ಮಿಸುತ್ತದೆ. ಅಳತೆಯನ್ನು ನಿರ್ಧರಿಸುವುದು ಪುಟ್ಟದೊಂದು ಗಣಕ. ಒಳಬರುವ ಗಾಳಿ, ಎಂಜಿನಿನ ಬಿಸಿ, ಹೊಗೆಯಲ್ಲುಳಿದ ಆಮ್ಲಜನಕ ಇವುಗಳ ವರದಿಯನ್ನು ಸಂವೇದಕಗಳು ಅದಕ್ಕೆ ಒಪ್ಪಿಸುತ್ತಿರುತ್ತವೆ. ವರದಿಯಲ್ಲಿ ಎಡವಟ್ಟು ಕಂಡರೆ ಗಣಕವು ದೋಷವನ್ನು ನೆನಪಿನಲ್ಲಿಟ್ಟುಕೊಂಡು ಹಳದಿ ದೀಪವನ್ನು ಹೊತ್ತಿಸುತ್ತದೆ.

ಆದರೆ ದೀಪವೇ ಕೆಟ್ಟಿದ್ದರೆ? ಅದಕ್ಕಾಗಿಯೇ ಕೀಲಿ ತಿರುಗಿಸಿದಾಗಲೆಲ್ಲ ಅದು ಒಮ್ಮೆ ಹೊತ್ತಿ, ಶಾಲೆಯ ಹುಡುಗನಂತೆ ಹಾಜರಿ ಹೇಳಬೇಕು. ಕೆಲವು ಗಾಡಿಗಳಲ್ಲಿ ಒಂದೆರಡು ಕ್ಷಣಗಳಲ್ಲೇ, ಕೆಲವುಗಳಲ್ಲಿ ಎಂಜಿನು ಚಾಲೂ ಆದ ಮೇಲೆ ಆರುತ್ತದೆ. ಎಂಜಿನು ಓಡುತ್ತಿರುವಾಗಲೂ ಆರದಿದ್ದರೆ ಮಾತ್ರ ಗ್ಯಾರೇಜಿನ ದಾರಿ ಹಿಡಿಯಬೇಕು. ಎಣ್ಣೆಯ ಒತ್ತಡ ಸೂಚಿಸುವ ಕೆಂಪು ದೀಪದ ಮಾತು ಬೇರೆ. ಓಡುವಾಗ ಅದು ಹೊತ್ತಿತೆಂದರೆ ಗ್ಯಾರೇಜಿನವರೆಗೂ ಹೋಗಬಾರದು, ನಿಂತಲ್ಲೇ ಎಂಜಿನನ್ನು ಆರಿಸಬೇಕು.

ಮೇಸ್ತ್ರಿ ತಮ್ಮ ಸ್ಕ್ಯಾನರನ್ನು ಜೋಡಿಸಿ ನೋಡಿದರು. ಆಮ್ಲಜನಕ ಸಂವೇದಕದ ದೋಷ ಗಣಕದಲ್ಲಿ ದಾಖಲಾಗಿಯೇ ಇತ್ತು! ಗಣಕ ಕೂಗುತ್ತಲೇ ಇದ್ದಿತು. ದೀಪಕ್ಕೆ ಬಾಯಿಲ್ಲವಾಗಿತ್ತು, ಅಷ್ಟೆ. ಅದು ತಾನಾಗಿ ಕೆಟ್ಟಿತೋ, ಯಾರಾದರೂ ಬಾಯಿ ಕಟ್ಟಿದರೋ ದೇವರೇ ಬಲ್ಲ. ಮಾರುವವರು ಮಾತ್ರ ತಮಗೇನೂ ತಿಳಿಯದೆಂದು ಪ್ರಮಾಣ ಮಾಡಿದರು.

ಕೂಡಲೇ ಮೊದಲಿನ ಗಾಡಿಯವರಿಗೆ ಫೋನು ಮಾಡಿದೆವು. ನಾವು ಬಂದ ಅರ್ಧ ಗಂಟೆಗೇ ಅದು ಮಾರಾಟವಾಗಿತ್ತಂತೆ.