ಸರಪಳಿಯಲ್ಲಿರುವ ನಾಯಿಗೆ ನೆರಳೆಲ್ಲಿ?

ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಯಾದಗಿರಿಯಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟುವ ದಿನಗಳಲ್ಲಿ ಅದು ಬೇಕಾದ್ದೇ. ಆದರೆ ಅದೇ ಮಧ್ಯಾಹ್ನ ನಮ್ಮ ರಾಮಸಮುದ್ರದ ಓಣಿಗಳಲ್ಲಿ ಸುತ್ತಿದರೆ, ಗೇಟಿಗೋ ತಗಡಿನ ಶೆಡ್ಡಿನ ಕಂಬಕ್ಕೋ ಕಟ್ಟಿಹಾಕಿದ ನಾಯಿಗಳು ಕಾದ ಫರಸಿಯ ಮೇಲೆ ತೇಕುತ್ತಿರುತ್ತವೆ.

‘ನಾಯಿಗೆ ಬಿಸಿಲು ಹೊಸದೇನ್ರಿ?’ ಎನ್ನುವವರೇ ಹೆಚ್ಚು. ಆ ಮಾತು ಅರ್ಧ ನಿಜ. ಬೀದಿನಾಯಿ ಬಿಸಿಲೇರುತ್ತಿದ್ದಂತೆ ಚರಂಡಿಯ ತೇವಕ್ಕೋ, ನಿಂತ ಟ್ರ್ಯಾಕ್ಟರಿನ ಅಡಿಗೋ ಹೋಗಿ ಮಲಗುತ್ತದೆ. ಬೇವಿನ ಬುಡದಲ್ಲಿ ಮಣ್ಣು ಕೆದರಿ ತಂಪು ಮಾಡಿಕೊಳ್ಳುತ್ತದೆ. ಅದನ್ನು ಉಳಿಸುವುದು ಬರೀ ಗಟ್ಟಿ ಮೈಯಲ್ಲ, ಜಾಗ ಬದಲಿಸುವ ಸ್ವಾತಂತ್ರ್ಯ. ಸರಪಳಿ ಕಿತ್ತುಕೊಳ್ಳುವುದು ಅದನ್ನೇ. ಬೆಳಿಗ್ಗೆ ನೆರಳಿದ್ದ ಕಂಬದ ಬುಡಕ್ಕೆ ಹನ್ನೆರಡಕ್ಕೆ ಬಿಸಿಲು ಬಂದಿರುತ್ತದೆ, ನೀರಿನ ಬೋಗುಣಿ ಮಗುಚಿರುತ್ತದೆ. ಮನೆಯವರು ಒಳಗೆ ಕೂಲರ್ ಹಾಕಿಕೊಂಡು ಮಲಗಿರುತ್ತಾರೆ.

ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ. ತೇಕುತ್ತ, ಬಾಯಿ ಮತ್ತು ನಾಲಿಗೆಯ ತೇವವನ್ನು ಆವಿಯಾಗಿಸಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಗಾಳಿಯಾಡದ ಶೆಡ್ಡಿನಲ್ಲಿ ಈ ಉಪಾಯ ನಡೆಯದು. ಸಾಮಾನ್ಯವಾಗಿ 38–39 ಡಿಗ್ರಿ ಇರುವ ದೇಹದ ತಾಪ 41 ದಾಟಿದರೆ ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಚಪ್ಪಟೆ ಮೂಗಿನ ಪಗ್‌ಗೆ ತೇಕುವುದೇ ಕಷ್ಟ. ರೀಲ್ಸ್ ನೋಡಿ ಸೈಬೀರಿಯಾದ ಹಸ್ಕಿ ಸಾಕಲು ಹೊರಟ ಗೆಳೆಯರಿಗಂತೂ, ಈ ಊರಿನಲ್ಲಿ ಬೇಡ ಎಂದೇ ಹೇಳುತ್ತೇನೆ.

ಇದು ಬರೀ ಕರುಣೆಯ ಮಾತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಪ್ರಾಣಿಯನ್ನು ತೀರಾ ಗಿಡ್ಡ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದು, ಸಾಕಿದವರೇ ಸಾಕಷ್ಟು ನೀರು, ಆಸರೆ ಕೊಡದಿರುವುದು ಅಪರಾಧ. ಕಾಯ್ದೆ ಇರಲಿ, ಹಗಲು ಹನ್ನೊಂದರಿಂದ ಐದರವರೆಗೆ ನಾಯಿಯನ್ನು ಪಡಸಾಲೆಯೊಳಗೆ ಬಿಟ್ಟುಕೊಳ್ಳಲು ಖರ್ಚೇನೂ ಇಲ್ಲ. ಕಟ್ಟಲೇಬೇಕಿದ್ದರೆ ದಿನವಿಡೀ ನೆರಳಿರುವ ಕಡೆ ಉದ್ದನೆಯ ಹಗ್ಗದಲ್ಲಿ ಕಟ್ಟಿ, ಮಗುಚದ ಭಾರದ ಕಲ್ಲಿನ ಪಾತ್ರೆಯಲ್ಲಿ ನೀರಿಟ್ಟರಾಯಿತು.

ತೇಕುವುದು ನಿಲ್ಲದೆ, ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾಗಿ, ನಾಯಿ ತೂರಾಡತೊಡಗಿದರೆ ಕಾಯುತ್ತ ಕೂರಬಾರದು. ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಬೇಕು. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರು ಹುಯ್ಯಬಾರದು. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ; ವೈದ್ಯರು ಸಿಗುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.