ಕೈತೋಟಕ್ಕೆ 5 ಸಾವಿರ ಯಾಕೆ ಬೇಕು ಸ್ವಾಮಿ?

ಈ ಸಲ ಕೊಬ್ಬರಿ ರೇಟು, ಅಡಿಕೆ ರೋಗ ಪಕ್ಕಕ್ಕಿಟ್ಟು ಬೇರೆ ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಸ್ವಲ್ಪ ಖಾರಾನೂ ಇದೆ. ಬೇಜಾರು ಮಾಡ್ಕೋಬೇಡಿ.

ಮೊಬೈಲ್ ತೆಗೆದರೆ ಸಾಕು, ಕೈತೋಟದ ವಿಡಿಯೋ. ಗ್ರೋ ಬ್ಯಾಗ್, ಕೋಕೋಪೀಟ್, ಬೇವಿನ ಎಣ್ಣೆ ಬಾಟಲಿ, ಬಣ್ಣದ ಸ್ಪ್ರೇಯರ್, 20 ಥರದ ಬೀಜದ ಪೊಟ್ಟಣ, ಎಲ್ಲಾ ಸೇರಿಸಿ ಒಂದು ಕಿಟ್. ಕೂಡಿ ನೋಡಿದರೆ 3 ಸಾವಿರದಿಂದ 5 ಸಾವಿರ. ದುಡ್ಡಿರೋರು ತಗೊಳ್ಳಲಿ, ಅವರಿಷ್ಟ. ನನ್ನ ತಕರಾರು ಬೇರೆ. ಇದನ್ನ ನೋಡಿ ನೋಡಿ ನಮ್ಮೂರಲ್ಲಿ ಕೂಲಿಗೆ ಹೋಗೋ ಮನೆಯವರೂ "ಕೈತೋಟ ನಮ್ಮಂಥೋರಿಗಲ್ಲ ಬಿಡಣ್ಣ" ಅಂತಿದ್ದಾರೆ. ಯಾರಿಗೆ ನಿಜವಾಗ್ಲೂ ಬೇಕಿತ್ತೋ ಅವರೇ ಹಿಂದೆ ಸರಿದರು. ನನಗೆ ಸಿಟ್ಟು ಬರೋದು ಇದಕ್ಕೇ.

ಕೋಕೋಪೀಟ್ ಅಂದ್ರೆ ಏನು? ನಮ್ಮ ತೆಂಗಿನಕಾಯಿ ಮಟ್ಟೇಲಿ ನಾರು ತೆಗೆದ ಮೇಲೆ ಉಳಿಯೋ ಪುಡಿ. ನಮ್ಮ ತುಮಕೂರು, ತಿಪಟೂರು ಕಡೆಯಿಂದ ಮಟ್ಟೆ ಲೋಡುಗಟ್ಟಲೆ ಹೋಗುತ್ತೆ, ನಮಗೆ ಸಿಗೋದು ಪುಡಿಗಾಸು. ಅದೇ ಇಟ್ಟಿಗೆ ಥರ ಒತ್ತಿಸಿಕೊಂಡು ಪ್ಯಾಕಿಂಗ್ ಆಗಿ ನಮ್ಮ ಮನೆ ಬಾಗಿಲಿಗೇ ವಾಪಸ್ ಬರುತ್ತೆ, ರೇಟು ಹಾಕಿಕೊಂಡು! ಬೆಂಗಳೂರಲ್ಲಿ ತಾರಸಿ ಮೇಲೆ ಬೆಳೆಯೋರಿಗೆ ಅದು ಹಗುರ, ಅನುಕೂಲ, ಒಪ್ಪಿದೆ. ನೆಲ ಇರೋರಿಗೆ ಯಾಕೆ? ಕಾಲ ಕೆಳಗೆ ಮಣ್ಣಿದೆ, ಕೊಟ್ಟಿಗೆ ಹಿಂದೆ ತಿಪ್ಪೆ ಇದೆ.

ಇನ್ನು ನಮ್ಮ ರೈತರ ವಿಷಯಕ್ಕೆ ಬರ್ತೀನಿ. ಬಾಗಿಲ ತನಕ ಅಡಿಕೆ, ತೆಂಗು ಹಾಕಿದ್ದೀವಿ. ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿದ್ದೀವಿ. ಬಚ್ಚಲ ನೀರು ಪೈಪಲ್ಲಿ ಬೀದಿ ಚರಂಡಿಗೆ. ಬೆಳಿಗ್ಗೆ 8 ಗಂಟೆಗೆ ತರಕಾರಿ ಆಟೋ ಬಂತು ಅಂದ್ರೆ 4 ಎಕರೆ ಯಜಮಾನನೂ ಚೀಲ ಹಿಡ್ಕೊಂಡು ನಿಲ್ತಾನೆ, ಒಂದು ಕಟ್ಟು ದಂಟಿನ ಸೊಪ್ಪಿಗೆ! ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಈಗ ಹಿತ್ತಲೇ ಇಲ್ಲ.

ಲೆಕ್ಕ ನೋಡಿ. ಒಬ್ಬ ದೊಡ್ಡ ಮನುಷ್ಯನಿಗೆ ದಿನಕ್ಕೆ 300 ಗ್ರಾಂ ತರಕಾರಿ ಅಂತ ಹಿಡಿದರೆ, 5 ಜನರ ಮನೆಗೆ ದಿನಕ್ಕೆ ಒಂದೂವರೆ ಕೆ.ಜಿ., ತಿಂಗಳಿಗೆ 45 ಕೆ.ಜಿ. ಕೆ.ಜಿ.ಗೆ 40 ರೂಪಾಯಿ ಹಾಕಿದರೂ 1,800 ರೂಪಾಯಿ ಆಯ್ತು. ಕೂಲಿ ಮನೇಲಿ ಇಷ್ಟು ಖರ್ಚು ಯಾರು ಮಾಡ್ತಾರೆ? ಮಾಡಲ್ಲ. ತರಕಾರಿ ಕಮ್ಮಿ ತಿಂತಾರೆ, ಅಷ್ಟೆ. 2023ರ ಜುಲೈನಲ್ಲಿ ಟೊಮೇಟೊ ಕೆ.ಜಿ.ಗೆ 100 ದಾಟಿದಾಗ ಎಷ್ಟು ಮನೇಲಿ ಹುಣಸೆಹಣ್ಣಲ್ಲೇ ಸಾರು ಮುಗಿಸಿದ್ರು, ನೆನಪಿದೆಯಾ? ಮಕ್ಕಳ ತಟ್ಟೆಯಿಂದ ಮೊದಲು ಮಾಯ ಆಗೋದು ಸೊಪ್ಪು, ತರಕಾರಿನೇ.

ಹಾಗಾದರೆ ಎಷ್ಟರಲ್ಲಿ ಶುರು ಮಾಡಬಹುದು? ನಾನು ಹೇಳ್ತೀನಿ, 200 ರೂಪಾಯಿ ಒಳಗೆ.

4 ಅಡಿ ಅಗಲ, 10 ಅಡಿ ಉದ್ದದ 3 ಮಡಿ ಸಾಕು. ಎರಡೂ ಕಡೆಯಿಂದ ಕೈ ನಿಲುಕಬೇಕು, ಮಡಿ ಮೇಲೆ ಕಾಲಿಡಬಾರದು. ಮಡಿಗೆ 2 ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಕೊಟ್ಟಿಗೆ ಇಲ್ಲದೋರು ಪಕ್ಕದ ಮನೇಲಿ ಕೇಳಿ, 2 ಬುಟ್ಟಿ ಗೊಬ್ಬರಕ್ಕೆ ಹಳ್ಳೀಲಿ ಯಾರೂ ಇಲ್ಲ ಅನ್ನಲ್ಲ.

ಬೀಜ ಅರ್ಧ ನಿಮ್ಮ ಅಡುಗೆಮನೆ ಡಬ್ಬೀಲೇ ಇದೆ. ಮೆಂತ್ಯ ಹಾಗೇ ಚೆಲ್ಲಿ. ಕೊತ್ತಂಬರಿ ಕಾಳನ್ನ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಚೆಲ್ಲಿ. ನುಗ್ಗೆ ಕೊಂಬೆ, ಬಸಳೆ ಬಳ್ಳಿ, ದೊಡ್ಡಪತ್ರೆ ಕಡ್ಡಿ ಕೇಳಿದರೆ ಪುಕ್ಕಟೆ ಸಿಗುತ್ತೆ. ತೊಂಡೆ ಮಾತ್ರ ಕಾಯಿ ಬಿಡೋ ಬಳ್ಳಿಯಿಂದಲೇ ತನ್ನಿ. ಅದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ದುಡ್ಡು ಕೊಡಬೇಕಾದ್ದು ದಂಟು, ಬೆಂಡೆ, ಬದನೆ, ಮೆಣಸಿನಕಾಯಿ ಬೀಜಕ್ಕೆ ಅಷ್ಟೆ. ಅಲ್ಲೂ ಪೊಟ್ಟಣದ ಮೇಲೆ ಎಫ್-1 ಅಂತಿದ್ದರೆ ವಾಪಸ್ ಇಡಿ. ಅದು ಹೈಬ್ರಿಡ್, ಅದರ ಬೀಜ ತೆಗೆದು ಮುಂದಿನ ವರ್ಷ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತೆ. ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ನಾಟಿ ಬೀಜ ಹುಡುಕಿ. ಇಲ್ಲಾಂದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕಾ ಬೆಂಡೆಯಂಥ ತಳಿ ತಗೊಳ್ಳಿ, ಅದು ಹೈಬ್ರಿಡ್ ಅಲ್ಲ. ಎರಡು ಗಿಡದ ಕಾಯಿ ಒಣಗಲು ಬಿಟ್ಟರೆ ಬೀಜ ನಿಮ್ಮದೇ.

ದಂಟಿನ ಬೀಜ ಸಣ್ಣ, ಮರಳಲ್ಲಿ ಬೆರೆಸಿ ಚೆಲ್ಲಿ. ಒಂದೇ ದಿನ ಎಲ್ಲಾ ಚೆಲ್ಲಬೇಡಿ, 15 ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ. ತಿಂಗಳಿಗೆಲ್ಲಾ ಸೊಪ್ಪು ಕೈಗೆ ಬರುತ್ತೆ, ಬೆಂಡೆ 50 ದಿನಕ್ಕೆ. ಬೇಲಿಗೆ ಹಳೇ ಸೀರೆ, ಮುಳ್ಳು ಸಾಕು, ಕೋಳಿ ಬರದಿದ್ದರೆ ಆಯ್ತು. ಹೇನು ಬಿದ್ದರೆ ಬೆಳಿಗ್ಗೆ ಇಬ್ಬನಿ ಇರುವಾಗಲೇ ಒಲೆ ಬೂದಿ ಎರಚಿ.

"ನೀರೆಲ್ಲಿ?" ಅಂತೀರಿ. ಈ 3 ಮಡಿಗೆ ಬೇಸಿಗೇಲೂ ದಿನಕ್ಕೆ 4-5 ಕೊಡ ಸಾಕು. ಅಕ್ಕಿ, ತರಕಾರಿ ತೊಳೆದ ನೀರು ಸೊಪ್ಪಿಗೆ ಹಾಕಿ. ಸೋಪಿನ ಬಚ್ಚಲ ನೀರು ಬಾಳೆ, ಕೆಸದ ಬುಡಕ್ಕೆ ಬಿಡಿ, ಸೊಪ್ಪಿನ ಮಡಿಗೆ ಬೇಡ. "ಮಂಗನ ಕಾಟ" ಅಂತೀರಿ. ಅದು ನಿಜ, ಅದಕ್ಕೆ ಅಗ್ಗದ ಉಪಾಯ ಇಲ್ಲ. ಅಂಥ ಕಡೆ ಕೆಸ, ಸುವರ್ಣಗಡ್ಡೆ, ಮೆಣಸಿನಕಾಯಿ ಜಾಸ್ತಿ ಹಾಕಿ. ಎಲ್ಲಾ ತರಕಾರಿ ಮನೇಲೇ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಈರುಳ್ಳಿ, ಆಲೂಗಡ್ಡೆ ತರಲೇಬೇಕು. ಆದರೆ ಬಸ್ಸಾರಿಗೆ, ಮಸ್ಸೊಪ್ಪಿಗೆ ಅಂಗಡಿ ಕಡೆ ನೋಡೋ ಹಾಗಿರಲ್ಲ.

ಕೊನೇ ಮಾತು ಗಂಡಸರಿಗೆ. ಹಿಂದೆ ಹಿತ್ತಲು ನಡೆಸಿದ್ದು ನಮ್ಮ ಅಜ್ಜಿ, ಅವ್ವಂದಿರು. ಬೀಜಕ್ಕೆ ಬೂದಿ ಬೆರೆಸಿ, ಬಟ್ಟೇಲಿ ಕಟ್ಟಿ, ಅಟ್ಟದ ಮೇಲೆ ಇಟ್ಟವರು ಅವರೇ. ಆ ಗಂಟು ಯಾವಾಗ ಮಾಯ ಆಯ್ತು ಅಂತ ನಮಗೆ ಗೊತ್ತೂ ಆಗಲಿಲ್ಲ, ಯಾಕಂದ್ರೆ ನಾವು ಅದನ್ನ ಬೇಸಾಯ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ. ಈಗ ಇದನ್ನ ಓದಿ "ಹೆಂಗಸ್ರು ಮಾಡ್ಕೊಳ್ಳಲಿ" ಅಂತ ಹೆಂಡತಿ ಮೊಬೈಲಿಗೆ ಕಳಿಸಿ ಕೈ ತೊಳ್ಕೋಬೇಡಿ. ಅವರಿಗೆ ಕೊಟ್ಟಿಗೆ, ಒಲೆ, ಕೂಲಿ ಎಲ್ಲಾ ಇದೆ. ಮಡಿ ಅಗೆಯೋದು, ನೀರು ಹೊರೋದು ನಮ್ಮ ಕೆಲಸ. ದಿನಾ ಅರ್ಧ ಗಂಟೆ, ಅರಳಿಕಟ್ಟೆ ಮೇಲೆ ಕೂತ್ಕೊಳ್ಳೋದ್ರಲ್ಲಿ ಕಮ್ಮಿ ಮಾಡಿದರೆ ಸಿಗುತ್ತೆ.

ಮೃಗಶಿರಾ ಮಳೆ ಬೀಳೋದ್ರೊಳಗೆ ಮಡಿ ಮಾಡಿಟ್ಟುಕೊಳ್ಳಿ. ಕುಂಬಳ, ಹೀರೆ, ಸೋರೆ ಬೀಜ ಊರೋಕೆ ಅದೇ ಹದ. ಬೀಜ ಇಲ್ಲದೋರು ಸಂಕೋಚ ಬಿಟ್ಟು ಕೇಳಿ, ಇರೋರು ಒಂದು ಹಿಡಿ ಕೊಡಿ. ಬೀಜಕ್ಕೆ ದುಡ್ಡು ಮಾತ್ರ ಕೇಳಬೇಡಿ.