ಹಲಸಿಯ ಗುಡಿ ಮತ್ತು ಫಲಿತಾಂಶದ ದಿನ

ಪರೀಕ್ಷೆಗಳು ಹತ್ತಿರ ಬಂದವೆಂದರೆ ಬೆಳಗಾವಿಯ ದೇವಸ್ಥಾನಗಳಲ್ಲಿ ಬೆಳಗಿನ ಗದ್ದಲವೇ ಬೇರೆ. ಕಪಿಲೇಶ್ವರ ಗುಡಿಯಲ್ಲಾಗಲಿ, ಕ್ಯಾಂಪಿನ ಮಿಲಿಟರಿ ಮಹಾದೇವನ ಆವರಣದಲ್ಲಾಗಲಿ, ಸೋಮವಾರದ ಸರದಿಯಲ್ಲಿ ಸಮವಸ್ತ್ರದ ಮಕ್ಕಳು ಕಾಣತೊಡಗುತ್ತಾರೆ. ಹಾಲ್ ಟಿಕೆಟ್ಟನ್ನು ದೇವರ ಪಾದಕ್ಕೆ ಮುಟ್ಟಿಸಿಕೊಂಡು ಬರುವವರುಂಟು, ಪೆನ್ನಿಗೆ ಕುಂಕುಮ ಹಚ್ಚಿಸುವವರುಂಟು. ತಾಯಂದಿರು ಹರಕೆ ಹೊರುತ್ತಾರೆ, ಕಾಯಿ ಕಟ್ಟುತ್ತಾರೆ. ಇದನ್ನು ನೋಡಿ ನಗುವವರ ಸಾಲಿಗೆ ಸೇರಲು ನನಗೆ ಮನಸ್ಸಿಲ್ಲ. ಹೆದರಿದ ಜೀವ ಎಲ್ಲಿಯಾದರೂ ಕೈಮುಗಿಯಲೇಬೇಕಲ್ಲ!

ಆದರೆ ‘ದೇವರೇ, ನೀನೇ ಗತಿ’ ಎಂಬ ಮಾತನ್ನು ನಾವು ಅರ್ಜಿಯ ಒಕ್ಕಣೆಯಂತೆ ಬಳಸುತ್ತಿದ್ದೇವೆಯೇ ಎಂಬ ಅನುಮಾನ ಮಾತ್ರ ಬಿಡುವುದಿಲ್ಲ. ಮೇಲೆ ಸ್ತುತಿ, ಕೆಳಗೆ ಬೇಡಿಕೆ, ಬೇಡಿಕೆಯಲ್ಲಿ ಇಷ್ಟೇ ಪ್ರತಿಶತ ಎಂಬ ಸ್ಪಷ್ಟ ನಮೂದು. ಅಂಕ ಬಂದರೆ ದೇವರು ದೊಡ್ಡವನು. ಬಾರದಿದ್ದರೆ? ಮನೆಯ ದೊಡ್ಡವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಮಕ್ಕಳು ಮಾತ್ರ ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಾರೆ.

ಈ ಮಾತನ್ನು ಮೊದಲು ಆಡಿದವರು ಯಾವ ಪರಿಸ್ಥಿತಿಯಲ್ಲಿದ್ದರು ಎಂದು ತಿಳಿಯಲು ಬೆಳಗಾವಿಯವರು ದೂರ ಹೋಗಬೇಕಾಗಿಲ್ಲ. ಖಾನಾಪುರ ಸುಮಾರು 26 ಕಿ.ಮೀ. ಅಲ್ಲಿಂದ ಇನ್ನೊಂದು 14 ಕಿ.ಮೀ. ಒಳಗೆ ಹೋದರೆ ಹಲಸಿ. ಆದಿ ಕದಂಬರ ಕಾಲದಲ್ಲಿ ಇದು ಪಲಾಶಿಕಾ; ಬನವಾಸಿಯ ನಂತರ ಅವರ ಎರಡನೆಯ ರಾಜಧಾನಿ. ಹನ್ನೆರಡನೆಯ ಶತಮಾನದ ಹೊತ್ತಿಗೆ ಗೋವೆಯ ಕದಂಬರ ಕೈಯಲ್ಲಿದ್ದ ‘ಪಲಸಿಗೆ ಹನ್ನೆರಡು ಸಾವಿರ’ ಎಂಬ ನಾಡಿಗೆ ಹೆಸರು ಕೊಟ್ಟ ಊರು. ಇಂದು ಅದೊಂದು ಹಳ್ಳಿ. ಆದರೆ ಊರಿನ ನಡುವೆ ಭೂವರಾಹ ನರಸಿಂಹ ದೇವಾಲಯ ಇನ್ನೂ ಗಟ್ಟಿಯಾಗಿ ನಿಂತಿದೆ. ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ಕಾಲದ, 1169ರ ಶಾಸನವೂ ಇಲ್ಲಿದೆ.

ಈ ಗುಡಿಗೆ ಎದುರುಬದುರು ಎರಡು ಗರ್ಭಗುಡಿಗಳು. ಒಂದರಲ್ಲಿ ಭೂದೇವಿಯನ್ನು ನೀರಿನಿಂದ ಎತ್ತಿ ತಂದ ವರಾಹ. ಎದುರಿನದು ನರಸಿಂಹನ ಹೆಸರಿನದು. ಪುರಾಣ ಬಲ್ಲವರಿಗೆ ಈ ಜೋಡಿಯ ಅರ್ಥ ಥಟ್ಟನೆ ಹೊಳೆಯುತ್ತದೆ. ವರಾಹ ಕೊಂದದ್ದು ಹಿರಣ್ಯಾಕ್ಷನನ್ನು. ತಮ್ಮನನ್ನು ಕಳೆದುಕೊಂಡ ಹಿರಣ್ಯಕಶಿಪು ಹರಿಯ ವೈರಿಯಾದ. ಆ ವೈರದ ನಡುವೆ ಸಿಕ್ಕಿಕೊಂಡವನು ಅವನದೇ ಮಗ ಪ್ರಹ್ಲಾದ. ಎರಡು ಗರ್ಭಗುಡಿಗಳ ನಡುವಿನ ನವರಂಗದಲ್ಲಿ ನಿಂತರೆ ಒಂದು ಮನೆತನದ ಇಡೀ ಕಥೆಯ ನಡುವೆ ನಿಂತಂತೆ.

ಪ್ರಹ್ಲಾದ ವಿದ್ಯಾರ್ಥಿಯಾಗಿದ್ದ ಎಂಬುದನ್ನು ನಾವು ಮರೆತೇಬಿಡುತ್ತೇವೆ. ಭಾಗವತದ ಏಳನೆಯ ಸ್ಕಂಧದಲ್ಲಿ ಅವನ ಕಥೆ ಆರಂಭವಾಗುವುದೇ ಪಾಠಶಾಲೆಯಲ್ಲಿ. ಶುಕ್ರಾಚಾರ್ಯರ ಮಕ್ಕಳಾದ ಶಂಡ ಮತ್ತು ಅಮರ್ಕ ಅವನ ಗುರುಗಳು, ಪಾಠ ರಾಜನೀತಿ. ಒಂದು ದಿನ ಅಪ್ಪ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಲಿತದ್ದರಲ್ಲಿ ಒಳ್ಳೆಯದೇನೆಂದು ಕೇಳುತ್ತಾನೆ. ಎಂಥ ಸಹಜ ಚಿತ್ರ! ಹರಿಯನ್ನು ಆಶ್ರಯಿಸುವುದೇ ಒಳ್ಳೆಯದು ಎಂದು ಹುಡುಗ ಹೇಳುತ್ತಾನೆ. ಅಪ್ಪ ಮೊದಲು ನಗುತ್ತಾನೆ, ಯಾರೋ ಮಗುವಿನ ತಲೆ ಕೆಡಿಸಿದ್ದಾರೆ ಎಂದುಕೊಂಡು ಮತ್ತೆ ಶಾಲೆಗೆ ಕಳಿಸುತ್ತಾನೆ. ಎರಡನೆಯ ಸಲ ಕೇಳಿದಾಗಲೂ ಉತ್ತರ ಬದಲಾಗುವುದಿಲ್ಲ. ಆಗ ತೊಡೆಯಿಂದ ನೆಲಕ್ಕೆ ಎಸೆಯುತ್ತಾನೆ. ಗುರುಗಳಂತೂ ‘ಇದು ನಾವು ಕಲಿಸಿದ್ದಲ್ಲ, ಬೇರೆ ಯಾರೂ ಕಲಿಸಿದ್ದಲ್ಲ’ ಎಂದು ಕೈ ತೊಳೆದುಕೊಳ್ಳುತ್ತಾರೆ. (ಪಾಲಕರ ಸಭೆಗಳಿಗೆ ಹೋಗಿ ಬಂದವರಿಗೆ ಈ ಮಾತು ಹೊಸದಲ್ಲ.)

ಮುಂದೆ ಆನೆ, ಹಾವು, ವಿಷ, ಬೆಂಕಿ, ಬೆಟ್ಟದ ತುದಿ. ಹುಡುಗ ಸ್ತುತಿಯನ್ನು ಬಿಡಲಿಲ್ಲ. ಸ್ತುತಿ ಮಾಡಿದ್ದಕ್ಕೆ ಅವನಿಗೆ ಮರುದಿನವೇ ಸುಖವೂ ಬರಲಿಲ್ಲ; ಶಿಕ್ಷೆ ಹೆಚ್ಚಾಗುತ್ತ ಹೋಯಿತು. ಕಂಬ ಒಡೆದದ್ದು ಕಟ್ಟಕಡೆಗೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅನಂತರದ ಘಟನೆ. ಏನು ವರ ಬೇಕೆಂದು ನರಸಿಂಹ ಕೇಳುತ್ತಾನೆ. ಸೇವೆಗೆ ಪ್ರತಿಯಾಗಿ ಏನನ್ನಾದರೂ ಬಯಸುವವನು ಸೇವಕನಲ್ಲ, ವ್ಯಾಪಾರಿ ಎಂಬ ಅರ್ಥದಲ್ಲಿ ಹುಡುಗ ಉತ್ತರ ಕೊಡುತ್ತಾನೆ. ಆಮೇಲೆ ಒಂದನ್ನು ಕೇಳುತ್ತಾನೆ: ತನ್ನ ತಂದೆಯ ದೋಷ ಕಳೆಯಲಿ ಎಂದು. ತನ್ನನ್ನು ಬೆಂಕಿಗೆ ನೂಕಿದ ಅಪ್ಪನಿಗಾಗಿ!

ಕ್ರೈಸ್ತರು ಹಾಡುವ ದಾವೀದನ ಕೀರ್ತನೆಗಳಲ್ಲಿಯೂ ದೇವರನ್ನು ಬಂಡೆಯೆಂದೂ ಕೋಟೆಯೆಂದೂ ಕರೆಯುತ್ತಾರೆ. ಅವುಗಳಲ್ಲಿ ಕೆಲವಕ್ಕೆ ಸಂದರ್ಭವನ್ನು ತಿಳಿಸುವ ತಲೆಬರಹಗಳಿವೆ. ಒಂದು, ಸೌಲನಿಗೆ ಹೆದರಿ ಗವಿಯಲ್ಲಿ ಅಡಗಿದ್ದಾಗಿನದು. ಮೂರನೆಯ ಕೀರ್ತನೆಯ ತಲೆಬರಹವಂತೂ, ಸ್ವಂತ ಮಗ ಅಬ್ಷಾಲೋಮನಿಂದ ಓಡಿಹೋಗುತ್ತಿದ್ದಾಗಿನದು ಎನ್ನುತ್ತದೆ. ಅಲ್ಲಿ ಮಗನಿಗೆ ಹೆದರಿದ ತಂದೆ, ಇಲ್ಲಿ ತಂದೆಯಿಂದ ಕಷ್ಟಕ್ಕೆ ಸಿಕ್ಕ ಮಗ. ಇಬ್ಬರಿಗೂ ಮನೆಯೇ ಆಸರೆಯಾಗದೆ ಹೋದಾಗ ಬಂದ ಮಾತುಗಳಿವು.

ಇದು ಪುರಾಣದ ಕಥೆ, ನಮಗೇಕೆ ಎನ್ನುವ ವಿದ್ಯಾರ್ಥಿಗಳಿದ್ದರೆ ಖಾನಾಪುರ ತಾಲ್ಲೂಕಿನಲ್ಲಿಯೇ ಇತಿಹಾಸದ ಕಡೆಯಿಂದ ಬರುವ ಇನ್ನೊಂದು ಊರಿದೆ: ಕಕ್ಕೇರಿ. ಹಲಸಿಯ ಶಾಸನಕ್ಕೆ ಒಂದೆರಡು ವರ್ಷ ಮೊದಲು, 1167-68ರ ಸುಮಾರಿಗೆ, ಕಲ್ಯಾಣದಲ್ಲಿ ದೊರೆ ಬಿಜ್ಜಳನ ಕೊಲೆಯಾಗಿ ಶರಣರು ದಿಕ್ಕಾಪಾಲಾದರು. ಚನ್ನಬಸವಣ್ಣನವರ ಜೊತೆಗಿದ್ದವರು ಪಶ್ಚಿಮದ ಕಾಡಿನ ಕಡೆಗೆ, ಉಳವಿಯತ್ತ ನಡೆದರು. ಆ ದಾರಿಯ ಗುರುತುಗಳು ಬೆಳಗಾವಿ ಜಿಲ್ಲೆಯಲ್ಲಿ ಇಂದಿಗೂ ಇವೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಹರಿದು ಬರುವ ಮಲಪ್ರಭೆಯ ಮಡಿಲಲ್ಲಿ, ಎಂ.ಕೆ. ಹುಬ್ಬಳ್ಳಿಯ ಬಳಿ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಕ್ಕೇರಿಯಲ್ಲಿರುವುದು ಡೋಹರ ಕಕ್ಕಯ್ಯನವರ ಸಮಾಧಿ. ಬೆನ್ನಟ್ಟಿ ಬಂದ ಸೈನಿಕರನ್ನು ತಡೆಯುತ್ತ ಅವರು ಅಲ್ಲಿ ಲಿಂಗೈಕ್ಯರಾದರು ಎಂದು ಜನ ನಂಬಿಕೊಂಡು ಬಂದಿದ್ದಾರೆ.

ಕಕ್ಕಯ್ಯ ಚರ್ಮ ಹದ ಮಾಡುವ ಕಾಯಕದವರು. ಬಸವಣ್ಣನವರು ತಮ್ಮನ್ನು ಕಕ್ಕಯ್ಯನ ಮನೆಯ ಸಂಬಂಧಿಯೆಂದು ವಚನದಲ್ಲಿ ಹೇಳಿಕೊಂಡರು; ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ‘ಅಭಿನವ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಕಕ್ಕಯ್ಯನವರ ಆರು ವಚನಗಳು ದೊರೆತಿವೆ. ಅವುಗಳಲ್ಲಿ ಕುಲದ ಸೂತಕ ಕಳೆಯಿತೆಂಬ ಹಿಗ್ಗು ಇದೆ. ಬಿಡುಗಡೆ ಎಂದರೆ ಅವರಿಗೆ ಅದೇ. ಪ್ರಾಣ ಉಳಿಯುತ್ತದೆ ಎಂಬ ಖಾತರಿ ಅವರಿಗಿರಲಿಲ್ಲ, ಉಳಿಯಲೂ ಇಲ್ಲ. ದೇವರು ಕೈಬಿಡಲಿಲ್ಲ ಎಂದು ಹೇಳಬೇಕಾದರೆ ನಾವು ಗೆದ್ದವರ ಕಡೆಗೆ ಬೊಟ್ಟು ಮಾಡುತ್ತೇವೆ. ಕಕ್ಕೇರಿಯಲ್ಲಿ ಹಾಗೆ ಮಾಡಲು ಬರುವುದಿಲ್ಲ.

ಶರಣರು ಹೊತ್ತು ಸಾಗಿಸಿದರೆಂದು ಹೇಳುವ ವಚನದ ಕಟ್ಟುಗಳ ಕಥೆ ಬೆಳಗಾವಿ ಶಹರಕ್ಕೂ ಬಂದು ಮುಟ್ಟುತ್ತದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡೋಲೆಗಳನ್ನು ಕೂಡಿಸಿ ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಓಡಿಹೋದವರ ಮಾತು ಏಳೂವರೆ ಶತಮಾನದ ಮೇಲೆ ಅದೇ ಸೀಮೆಯಲ್ಲಿ ಪುಸ್ತಕವಾಯಿತು. ಹಳಕಟ್ಟಿಯವರು ಆಮೇಲೆ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದ್ದು ಬೇರೆಯೇ ಕಥೆ, ಇನ್ನೊಮ್ಮೆ ಹೇಳಬಹುದು.

ಇಷ್ಟೆಲ್ಲ ಹೇಳಿದ್ದು ಏಪ್ರಿಲ್-ಮೇ ತಿಂಗಳ ಒಂದು ದಿನವನ್ನು ನೆನೆದು. ಫಲಿತಾಂಶದ ಮರುದಿನ ಪತ್ರಿಕೆಯ ಮುಖಪುಟದಲ್ಲಿ ರ್‍ಯಾಂಕು ಬಂದವರ ನಗುಮುಖಗಳಿರುತ್ತವೆ. ಒಳಪುಟದ ಮೂಲೆಯಲ್ಲಿ, ಮನೆಗೆ ಮರಳದ ಮಗುವಿನ ನಾಲ್ಕು ಸಾಲಿನ ಸುದ್ದಿಯೂ ಒಮ್ಮೊಮ್ಮೆ ಇರುತ್ತದೆ. ಆ ಮಗುವೂ ಪರೀಕ್ಷೆಗೆ ಮೊದಲು ಎಲ್ಲೋ ಕೈಮುಗಿದಿರುತ್ತದೆ. ದೇವರನ್ನೂ ಒಬ್ಬ ಪರೀಕ್ಷಕನನ್ನಾಗಿ ಮಾಡಿ ತೋರಿಸಿದವರು ನಾವು. ಫೇಲಾದ ದಿನ ಆ ಬಾಗಿಲೂ ಮುಚ್ಚಿತೆಂದು ಅದಕ್ಕೆ ಅನಿಸಿದರೆ ಆಶ್ಚರ್ಯವೇನು? 2024ರಲ್ಲಿ ನಮ್ಮ ರಾಜ್ಯದ ಪರೀಕ್ಷಾ ಮಂಡಳಿಯೇ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಬರೆಯುವ ಅವಕಾಶ ಕೊಟ್ಟಿತು. ದೇವರು ಮಂಡಳಿಗಿಂತ ಬಿಗಿಯಾಗಿರಲಾರನು!

ಪಾಲಕರಲ್ಲಿ ಒಂದು ವಿನಂತಿ. ಹರಕೆ ಹೊರುವುದಾದರೆ ಹೊರಿರಿ. ಅದರಲ್ಲಿ ಅಂಕದ ಮಾತು ಬೇಡ, ಮಗುವಿನ ಹೆಸರಷ್ಟೇ ಇರಲಿ. ಫಲಿತಾಂಶದ ದಿನ ಮನೆಯಲ್ಲಿರಿ, ಊಟಕ್ಕೆ ಜೊತೆಯಲ್ಲಿ ಕುಳಿತುಕೊಳ್ಳಿ. ಮಗು ಮಾತು ಬಿಟ್ಟಿದ್ದರೆ, ನಿದ್ದೆ ಬಿಟ್ಟಿದ್ದರೆ, ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ. ವಿದ್ಯಾರ್ಥಿಗಳು ತಾವಾಗಿಯೇ ಕರೆ ಮಾಡಬಹುದು. ಇದರಿಂದ ಭಕ್ತಿಗೆ ಕೊರತೆಯಾಗುವುದಿಲ್ಲ.

ಇನ್ನು ಹಲಸಿಗೆ ಹೋಗುವುದಾದರೆ ಪರೀಕ್ಷೆ ಮುಗಿದ ವಾರವೇ ಹೋಗಿಬನ್ನಿ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಿ, ಆ ಎರಡು ಗರ್ಭಗುಡಿಗಳ ನಡುವೆ ಕುಳಿತು ಪ್ರಹ್ಲಾದನ ಕಥೆಯನ್ನು ಮಗುವಿನ ಬಾಯಿಂದಲೇ ಹೇಳಿಸಿ. ಫಲಿತಾಂಶ ಬರುವ ಮೊದಲೇ ಹೋಗಿ.